ಕಂಪನಿ ಬೂಟು, ಬೀಡಿಯ ಹಿಮ್ಮಡಿ

ಆ ಮನುಷ್ಯ ಮೊದಲ ಸಲ ನನ್ನ ದವಾಖಾನೆಗೆ ಬಂದಾಗ ಬಲಗಾಲನ್ನು ಹೊರಕ್ಕೆ ತಿರುಗಿಸಿ, ಅದು ತನ್ನದಲ್ಲವೇನೋ ಎಂಬಂತೆ ಎಳೆದುಕೊಂಡು ಬಂದ. ಎಂಬತ್ತರ ದಶಕದ ಆರಂಭದ ಮಾತು. ನಾನು ಬೆಳಗಾವಿಯ ಶಿವಬಸವ ನಗರದಿಂದ ದಿನಾ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿ ಎರಡು ಖೋಲಿಗಳಲ್ಲಿ ದವಾಖಾನೆ ನಡೆಸುತ್ತಿದ್ದೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಕಂಪೌಂಡರ್ ಮಾಮಾ ಮತ್ತು ಅವರ ಔಷಧಿ ಬಾಟಲಿಗಳು. ಕಾಲ್ಮರಿಗಳನ್ನು, ಅಂದರೆ ಚಪ್ಪಲಿ ಬೂಟುಗಳನ್ನು, ಎಲ್ಲರೂ ಹೊರಗಿನ ಮೆಟ್ಟಿಲ ಬಳಿ ಬಿಟ್ಟೇ ಒಳಗೆ ಬರುತ್ತಿದ್ದರು. ಹಾಗೆ ಬಿಡಿ ಎಂದು ನಾನೇನೂ ಹೇಳಿರಲಿಲ್ಲ, ಬಿಡಬೇಡಿ ಎಂದೂ ಹೇಳಿರಲಿಲ್ಲ.

"ಯಾವ ಊರ್ರಿ?" ಎಂದೆ.

"ಬೀಡಿ ರೀ ಬಾಯಾರ." ಆ ಸೀಮೆಯಲ್ಲಿ ಹೆಣ್ಣು ಡಾಕ್ಟರಿಗೆ ಬಾಯಿಯವರು ಎನ್ನುವುದೇ ರೂಢಿ. "ಸೇದೂ ಬೀಡಿ ಅಲ್ರಿ, ಊರು."

ನಗಿಸಲು ನೋಡುತ್ತಿದ್ದಾನೆ ಅಂದರೆ ಒಳಗೆ ಭಯ ಇದೆ ಎಂದುಕೊಂಡೆ. ಮೇಜಿನ ಮೇಲೆ ಬೋರಲಾಗಿ ಮಲಗಿ ಪಾದಗಳನ್ನು ಅಂಚಿನಿಂದ ಹೊರಗೆ ಇಳಿಬಿಡಲು ಹೇಳಿದೆ. ಹಿಮ್ಮಡಿಯನ್ನು ಹಾಗೆಯೇ ನೋಡಬೇಕು. ನಾನು ಕಾಲಿಗೆ ಕೈ ಹಚ್ಚಿದ್ದೇ ತಡ, ಸರಕ್ಕನೆ ಎಳೆದುಕೊಂಡು ಎದ್ದು ಕೂತ.

"ನೀವು ನನ್ನ ಕಾಲು ಮುಟ್ಟಬಾರ್ದ್ರಿ."

"ಮುಟ್ಟಲಾರದ ಹೆಂಗ ನೋಡ್ಲಿ? ದೂರದಿಂದ ಕೈ ಮುಗದು ಕಳಸ್ಲೇನು? ಮಲಕ್ಕೋರಿ ಸುಮ್ನ."

ಮಲಗಿದ. ಮೀನಖಂಡದಿಂದ ಇಳಿದು ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುವ ದಪ್ಪ ಹುರಿಯೊಂದು ನಮ್ಮೆಲ್ಲರ ಕಾಲಲ್ಲಿದೆ. ಅದರ ಎರಡೂ ಬದಿಯ ತಗ್ಗುಗಳು ಅವನ ಬಲಗಾಲಲ್ಲಿ ತುಂಬಿಕೊಂಡು ಉಬ್ಬಿದ್ದವು. ಹುರಿಯ ಮೇಲಿನ ಚರ್ಮ ಕೆಂಪಾಗಿ, ಮುಟ್ಟಿದರೆ ಬೆಚ್ಚಗಿತ್ತು. ಹುರಿಯ ಮುಂದೆ ಎರಡು ಬೆರಳಿಟ್ಟು ಆ ಕಡೆ ಈ ಕಡೆಯಿಂದ ಹಿಸುಕಿದೆ. ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ಮೀನಖಂಡ ಹಿಸುಕಿದಾಗ ಪಾದ ತಾನಾಗಿ ಅಲುಗಿತು. ಅಂದರೆ ಹುರಿ ಹರಿದಿರಲಿಲ್ಲ. ಎಡಗಾಲನ್ನೂ ನೋಡಿದೆ. ಅಲ್ಲೂ ಒಂದಿಷ್ಟು ಕೆಂಪು, ಸ್ವಲ್ಪ ನೋವು. ಅದನ್ನು ಕಾಗದದಲ್ಲಿ ಬರೆದುಕೊಂಡು ಮರೆತುಬಿಟ್ಟೆ.

ಆ ಕಾಲದಲ್ಲಿ ಎಲುಬಿನ ಹತ್ತಿರ ಬಾವು ಕಂಡರೆ ನಮಗೆ ಮೊದಲ ಹೆದರಿಕೆ ಕ್ಷಯದ್ದು. ರಕ್ತ ಪರೀಕ್ಷೆ ಮಾಡಿಸಿದೆ, ಬೆಳಗಾವಿಗೆ ಕಳಿಸಿ ಎಕ್ಸ್‌ರೇ ತೆಗೆಸಿದೆ. ಕ್ಷಯ ಇರಲಿಲ್ಲ. ಹಿಮ್ಮಡಿ ಎಲುಬಿನ ಮೇಲ್ಮೂಲೆ ಸ್ವಲ್ಪ ಗುಬುಟಾಗಿ ಉಬ್ಬಿತ್ತು, ಅಷ್ಟೆ. ಕಾಯಿಲೆ ಬರ್ಸೈಟಿಸ್ ಎಂದು ಖಚಿತವಾಯಿತು.

"ಹಂಗಂದ್ರ ಏನ್ರಿ?" ಎಂದ.

"ಗಾಡಿ ಅಚ್ಚಿಗೆ ಕೀಲೆಣ್ಣಿ ಹಾಕ್ತಾರಲ್ಲ? ನಮ್ಮ ಮೈಯಾಗೂ ತಿಕ್ಕೂ ಜಾಗಾದಾಗ ಅಂಥದ ಒಂದು ಸಣ್ಣ ಚೀಲ ಇರತೈತಿ. ಎಲುಬಿಗೂ ಹುರಿಗೂ ನಡುವ. ಬಾಳ ತಿಕ್ಕಿತಂದ್ರ ಅದು ಬಾತು ನೀರು ತುಂಬ್ಕೋತೈತಿ."

"ಎದಕ ತಿಕ್ಕೇತ್ರಿ?"

ಅದೇ ಸರಿಯಾದ ಪ್ರಶ್ನೆ, ಅವನೇ ಕೇಳಿದ. ನಾನು ಮಾತ್ರ ಅವಸರದಲ್ಲಿದ್ದೆ. ಕೆಲಸ ಏನು ಎಂದೆ. ಬೆಳಗಾವಿ ದಾರಿಯ ಮಚ್ಛೆಯ ಫೌಂಡ್ರಿಯಲ್ಲಿ ಮಣ್ಣಿನ ಅಚ್ಚು ಕಟ್ಟುವುದು ಎಂದ. ಕಾದ ಕಬ್ಬಿಣ ಹೊಯ್ಯಲು ಮರಳಿನಲ್ಲಿ ಅಚ್ಚು ಮಾಡುತ್ತಾರಲ್ಲ, ಅದು. ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ಕುರಿಗಳನ್ನು ಅಣ್ಣನಿಗೆ ಬಿಟ್ಟು ಇವನು ಫೌಂಡ್ರಿ ಸೇರಿದ್ದ. ಆರು ತಿಂಗಳು ಹಂಗಾಮಿ. ಅಷ್ಟರಲ್ಲಿ ಕೆಲಸ ಸರಿ ಕಂಡರೆ ಕಾಯಂ, ಇಲ್ಲದಿದ್ದರೆ ಮನೆಗೆ. ಎರಡು ತಿಂಗಳು ಮುಗಿದಿದ್ದವು.

"ಕೈ ಕುಂತೈತ್ರಿ ಕೆಲಸಕ್ಕ," ಎಂದ. "ಅಚ್ಚು ಒಡದಂಗ ಎತ್ತಾಕ ಎಲ್ಲಾರಿಗೂ ಬರೂದಿಲ್ರಿ. ನನಗ ಬರತೈತಿ. ಈ ಕಾಲು ಒಂದು ಬಿಟ್ರ ಎಲ್ಲಾ ಛಲೋ ಐತ್ರಿ."

"ನಿಮ್ಮ ಕಾಲ್ಮರಿ ಯಾವು?" ಎಂದು ಕೇಳಿದೆ.

"ಚಪ್ಪಲಿ ರೀ. ಹೊರಗ ಅದಾವು."

ನಾನು ಎದ್ದು ಬಾಗಿಲಿನಿಂದ ಇಣುಕಿದೆ. ಅಷ್ಟಾದರೂ ಮಾಡಿದೆನಲ್ಲ ಎಂದು ಆಗ ಹೆಮ್ಮೆಪಟ್ಟುಕೊಂಡಿದ್ದೆ. ಕುರಿಗಾರರ ದಪ್ಪ ತೊಗಲಿನ ಚಪ್ಪಲಿ, ಅಡಿಗೆ ಮೊಳೆ ಹೊಡೆದದ್ದು, ಒಂದೊಂದೂ ಅರ್ಧ ಇಟ್ಟಿಗೆಯಷ್ಟು ಭಾರ. ಸಿಕ್ಕಿತು ಕಳ್ಳ ಎಂದುಕೊಂಡೆ. ಅದಕ್ಕೆ ಹಿಂದೆ ಪಟ್ಟಿಯೇ ಇಲ್ಲ, ಹಿಮ್ಮಡಿಗೆ ಅದು ತಾಗುವುದೇ ಇಲ್ಲ ಎಂಬುದು ಕಣ್ಣಿಗೆ ಕಂಡರೂ ತಲೆಗೆ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ನಾನು ಮಾಡಿದ್ದೂ ಅದೇ.

"ಆ ಚಪ್ಪಲಿ ಬಿಡ್ರಿ. ಬೂಟು ಹಾಕ್ಕೋರಿ," ಎಂದೆ.

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. "ಬೂಟ ರೀ?"

"ಹೌದು, ಬೂಟು. ಹಿಮ್ಮಡಕ್ಕ ಆಸರಾ ಬೇಕು."

"ಆತ್ರಿ ಬಾಯಾರ."

ನೋವಿನ ಗುಳಿಗೆ ಕೊಟ್ಟೆ, ಐದು ದಿನ ಕೆಲಸ ಬಿಡಿಸಿದೆ. ಮನೆಯಲ್ಲಿ ಕಾದ ಇಟ್ಟಿಗೆಯ ಮೇಲೆ ಎಕ್ಕೆ ಎಲೆ ಹಾಸಿ ಹಿಮ್ಮಡಿ ಊರುತ್ತಿದ್ದ. ಅದನ್ನು ನಿಲ್ಲಿಸಿ ಬರ್ಫ, ಅಂದರೆ ಮಂಜುಗಡ್ಡೆ, ಇಡಲು ಹೇಳಿದೆ. ಖಾನಾಪುರದಲ್ಲಿ ಬರ್ಫ ಸಿಗುವುದು ಮೀನು ಮಾರುವವರ ಹತ್ತಿರ ಮಾತ್ರ, ಕಟ್ಟಿಗೆ ಹೊಟ್ಟಿನಲ್ಲಿ ಸುತ್ತಿಟ್ಟದ್ದು. ಅವನ ಕಾಲು ಮೀನು ನಾತ ಹೊಡೆಯತೊಡಗಿ, ಮನೆಯ ಬೆಕ್ಕು ರಾತ್ರಿಯೆಲ್ಲ ಕಾಲ ಬಳಿಯೇ ಕೂಡುತ್ತಿತ್ತಂತೆ. ಐದು ದಿನದಲ್ಲಿ ಬಾವು ಅರ್ಧ ಇಳಿಯಿತು. ನನಗೆ ನನ್ನ ಜಾಣತನದ ಮೇಲೆ ಭಾಳ ಪ್ರೀತಿ ಬಂತು.

ಮೂರು ವಾರ ಬಿಟ್ಟು ಬಂದಾಗ ಅವನು ಮೊದಲಿಗಿಂತ ಕೆಟ್ಟದಾಗಿ ಕುಂಟುತ್ತಿದ್ದ. ಬಲಗಾಲಿನ ಬಾವು ಲಿಂಬೆಹಣ್ಣಿನಷ್ಟಾಗಿತ್ತು, ಎಡಗಾಲಿನದೂ ಶುರುವಾಗಿತ್ತು.

"ನಾ ಹೇಳಿದಂಗ ಮಾಡಿದ್ರಿಲ್ಲೋ?"

"ಎಲ್ಲಾ ಮಾಡೇನ್ರಿ. ಒಂದೂ ಬಿಟ್ಟಿಲ್ರಿ."

ನನಗೆ ಸಿಟ್ಟು ಬಂತು. ಹೇಳಿದ್ದು ಮಾಡದೆ ಮಾಡಿದೆ ಅನ್ನುವ ರೋಗಿಗಳನ್ನು ದಿನಾ ಕಾಣುತ್ತಿದ್ದೆ, ಇವನೂ ಒಬ್ಬ ಎಂದುಕೊಂಡೆ. ಬೆಳಗಾವಿಯಲ್ಲಿ ನನಗೆ ಪಾಠ ಹೇಳಿದ ಎಲುಬಿನ ಸರ್ಜನ್ ಒಬ್ಬರಿದ್ದರು. ಅವನಿಗೆ ಅಲ್ಲಿಗೇ ಬರಲು ಹೇಳಿದೆ; ನಾನು ಹೋಗುವಷ್ಟರಲ್ಲಿ ಅವನು ಅವರ ಮೇಜಿನ ಮೇಲೆ ಬೋರಲು ಮಲಗಿದ್ದ. ಅವರು ಎಕ್ಸ್‌ರೇ ಹಿಡಿದು ನೋಡಿ, "ಗುಬುಟು ಕೆತ್ತಿ ಚೀಲ ತಗದ್ ಬಿಡೂಣು," ಎಂದರು. ಆರು ವಾರ ಪ್ಲಾಸ್ಟರು, ಮತ್ತೆ ಕೆಲಸಕ್ಕೆ ಹೋಗಲು ಮೂರು ತಿಂಗಳು. ಅವನ ಹಂಗಾಮಿ ಅವಧಿಯಲ್ಲಿ ಉಳಿದಿದ್ದದ್ದೂ ಮೂರೇ ತಿಂಗಳು.

"ಸೂಜಿ ಹಾಕಿದ್ರ?" ಎಂದು ಕೇಳಿದೆ. ಸ್ಟಿರಾಯ್ಡ್ ಸೂಜಿ ಆಗ ಎಲ್ಲರೂ ಧಾರಾಳವಾಗಿ ಹಾಕುತ್ತಿದ್ದರು.

"ಹಾಕಬಹುದು. ಚೀಲದಾಗ ಹೋದ್ರ ಛಲೋ. ಹುರಿಯಾಗ ಹೋತಂದ್ರ ಅದು ಮೆತ್ತಗಾಗಿ ಒಂದಿನ ಫಟ್ಟಂತ ಹರೀತೈತಿ. ನೋವು ಸತ್ತಿರತೈತಿ, ಅಂವಾ ಮತ್ತ ಜೋರಲೇ ದುಡೀತಾನ. ವಿಚಾರ ಮಾಡು."

ವಿಚಾರ ಮಾಡಲು ಅವನು ಬಿಡಲಿಲ್ಲ. ಎರಡು ದಿನಕ್ಕೇ ದವಾಖಾನೆಗೆ ಬಂದ. ಕುಂಟುವವನನ್ನು ಕಾಯಂ ಮಾಡಲು ತಾನು ಶಿಫಾರಸು ಮಾಡುವುದಿಲ್ಲ ಎಂದು ಫೋರ್‌ಮನ್ ಎಲ್ಲರ ಎದುರು ಹೇಳಿದ್ದನಂತೆ. "ಸೂಜಿ ಹಾಕಿ ಬಿಡ್ರಿ ಬಾಯಾರ. ಮೂರು ತಿಂಗಳು ನೋವು ನಿಂತ್ರ ಸಾಕ್ರಿ. ಆಮ್ಯಾಲ ಹರದ್ರ ಹರೀಲಿ."

ಅವನ ದನಿಯಲ್ಲಿ ಅಳು ಇತ್ತು. ನನಗೂ ಸಾಕಾಗಿತ್ತು. ಸಿರಿಂಜು ಕುದಿಸಲು ಇಟ್ಟೆ. ಅವನನ್ನು ಬೋರಲು ಮಲಗಿಸಿ, ಹಿಮ್ಮಡಿಗೆ ಅಯೋಡಿನ್ ಹಚ್ಚಿ, ಹುರಿಯ ಹೊರಬದಿಯಲ್ಲಿ ಸೂಜಿ ಇಳಿಸುವ ಜಾಗ ಗುರುತು ಮಾಡಿದೆ. ಔಷಧಿ ಎಳೆದುಕೊಂಡೆ. ರೋಗಿ ಮೈ ಬಿಗಿಹಿಡಿಯಬಾರದೆಂದು ಏನಾದರೂ ಮಾತಾಡಿಸುವುದು ನನ್ನ ರೂಢಿ.

"ನಿಮ್ಮ ಕುರಿ ಕುಂಟಿದ್ರ ಏನು ಮಾಡ್ತಿದ್ರಿ?"

"ಒಂದು ಕುಂಟಿದ್ರ ಹಿಡದು ಕಾಲು ನೋಡ್ತೀವ್ರಿ. ಮುಳ್ಳು ಪಳ್ಳು ಇರತೈತಿ. ಎರಡು ಮೂರು ಕುಂಟಾಕ ಹತ್ತಿದ್ರ ಕಾಲು ನೋಡೂದಿಲ್ರಿ, ಮೇಯಿಸಿದ ಜಾಗಾಕ್ಕ ಹೋಗ್ತೀವಿ."

ಸೂಜಿ ಚರ್ಮದ ಹತ್ತಿರ ಹೋಗಿತ್ತು. "ನಿಮ್ಮ ಫೌಂಡ್ರ್ಯಾಗ ಮತ್ಯಾರರ ಕುಂಟತಾರೇನು?"

ಅವನು ದನಿ ತಗ್ಗಿಸಿ ಹೇಳಿದ. "ಇನ್ನಿಬ್ರು ಅದಾರ್ರಿ. ಹೊಸದಾಗಿ ಬಂದಾವ್ರ. ಫೋರ್‌ಮನ್‌ಗ ಹೆದರಿ ಹೇಳೂದಿಲ್ರಿ."

ನಾನು ಸಿರಿಂಜನ್ನು ತಟ್ಟೆಯಲ್ಲಿಟ್ಟೆ. ಇವತ್ತು ಸೂಜಿ ಇಲ್ಲ, ಏಳಿ ಎಂದೆ. ಅವನ ಮುಖ ಸಣ್ಣದಾಯಿತು. ಗೋಡೆ ಹಿಡಿದುಕೊಂಡು ಹೊರಗಿನ ಖೋಲಿಗೆ ಹೋದ. ಅಷ್ಟು ಕಠಿಣವಾಗಿ ಹೇಳಬಾರದಿತ್ತು ಎನಿಸಿ ಹಿಂದೆಯೇ ಹೋದೆ. ಕಂಪೌಂಡರ್ ಮಾಮಾ ಬೆಂಚಿನ ಕೆಳಗಿನಿಂದ ಒಂದು ಗಂಟು ತೆಗೆದು ಅವನ ಕೈಗೆ ಕೊಡುತ್ತಿದ್ದರು.

"ಏನದು?"

"ಬೂಟು, ಬಾಯಿ," ಎಂದರು ಮಾಮಾ. "ಕಳುವು ಆದಾವು ಅಂತ ಪ್ರತಿ ಸಲ ನನ್ನ ಕಡೆ ಇಡತಾನ."

"ಯಾರ ಬೂಟು?"

"ಕಂಪನಿವ್ರಿ," ಎಂದ ಅವನು. "ಕೆಲಸದಾಗ ಹಾಕ್ಕೊಳ್ಳಾಕ ಕೊಟ್ಟಾರ. ಮೊದಲ ಅಲ್ಲೇ ಬಿಟ್ಟು ಬರತಿದ್ನಿ. ನೀವು ಬೂಟು ಹಾಕ್ಕೋ ಅಂದ ಮ್ಯಾಲ ಫೋರ್‌ಮನ್ ಕೈಕಾಲು ಹಿಡದು ಮನಿಗೂ ಹಾಕ್ಕೊಂಡು ಹೊಂಟೇನ್ರಿ. ಮುಂಜಾನಿಂದ ಮಲಗೂತನಕ."

"ಮತ್ತ ನಾ ಅವತ್ತ ಕೇಳಿದಾಗ ಚಪ್ಪಲಿ ಅಂದ್ರೆಲ್ಲಾ!"

"ನಿಮ್ಮ ಕಾಲ್ಮರಿ ಯಾವು ಅಂದ್ರಿ ಬಾಯಾರ. ನನ್ನವು ಚಪ್ಪಲಿನ. ಇವು ನನ್ನವಲ್ರಿ."

ಮಾಮಾನ ಕಡೆ ತಿರುಗಿದೆ. "ನೀವರ ಹೇಳಬಾರದೇನು?"

"ನೀವು ಕೇಳ್ಲಿಲ್ಲ," ಎಂದರು ಅವರು. ಅದೂ ಖರೆಯೇ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಅವನು ಸುಳ್ಳು ಹೇಳಿರಲಿಲ್ಲ, ಹೇಳಿದ್ದನ್ನು ಬಿಟ್ಟಿರಲೂ ಇಲ್ಲ. ದಿನಕ್ಕೆ ಎಂಟು ಗಂಟೆ ತಿಕ್ಕುತ್ತಿದ್ದ ಹಿಮ್ಮಡಿಯನ್ನು ಹದಿನಾರು ಗಂಟೆ ತಿಕ್ಕುವಂತೆ ಮಾಡಿದವಳು ನಾನು. ಬಾಯಿಬಿಟ್ಟು ಹಾಗೆಯೇ ಹೇಳಿದೆ. "ತಪ್ಪು ನಂದು." ಅವನು ಮಾಮಾನ ಮುಖ ನೋಡಿದ.

ಬೂಟಿನೊಳಗೆ ಕೈ ಹಾಕಿದೆ. ಬ್ಯಾಡ್ರಿ, ಬ್ಯಾಡ್ರಿ ಎಂದು ಇಬ್ಬರೂ ಒಟ್ಟಿಗೇ ಅಂದರು. ಹಿಂಬದಿಯ ತೊಗಲು ಹಲಗೆಯಂತೆ ಬಿರುಸಾಗಿತ್ತು, ಮೇಲಂಚು ಒಳಕ್ಕೆ ಮಡಿಸಿಕೊಂಡು ದಿಂಡುಗಟ್ಟಿತ್ತು. ಸರಿಯಾಗಿ ಬಾವಿರುವ ಎತ್ತರದಲ್ಲಿ. ಒಳಗೆ ಬೆವರಿಗೆ ಅಂಟಿದ ಮರಳು. ಬರಿಗಾಲಲ್ಲಿ ಬೆಳೆದ ಅವನ ಪಾದ ಮುಂದೆ ಅಗಲ. ಅಗಲಕ್ಕೆ ಹೊಂದಲೆಂದು ಎರಡು ನಂಬರು ದೊಡ್ಡ ಬೂಟು ತೆಗೆದುಕೊಂಡಿದ್ದ. ಹಾಗಾಗಿ ಹಿಂದೆ ಸಡಿಲವಾಗಿ, ಹೆಜ್ಜೆಗೊಮ್ಮೆ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿತ್ತು. ಆ ಸಡಿಲು ಹೋಗಲೆಂದು ಗೋಣಿಚೀಲದ ತುಂಡು ಬೇರೆ ತುರುಕಿದ್ದ.

ಬೂಟು ಬಿಡಿ ಎಂದು ಹೇಳಲು ಬರುವಂತಿರಲಿಲ್ಲ. ಕಾದ ಕಬ್ಬಿಣದ ಕೆಲಸ ಅದು. ಮರುದಿನ ಮಚ್ಛೆಯಲ್ಲಿ ಬಸ್ ಇಳಿದೆ. ದಿನಾ ಎರಡು ಸಲ ಅದರ ಮುಂದೆಯೇ ಹಾದುಹೋಗುತ್ತಿದ್ದರೂ ಆ ಫೌಂಡ್ರಿಯ ಗೇಟು ದಾಟಿದ್ದು ಅವತ್ತೇ ಮೊದಲು.

ಫೋರ್‌ಮನ್ ಐವತ್ತರ ಗಟ್ಟಿ ಆಳು. "ಇಲ್ಲೇನು ಕೆಲಸ ನಿಮ್ದು? ಸಿಕ್ ಸರ್ಟಿಫಿಕೇಟ್ ಕೊಡಾಕ ಬಂದಿರೇನು?" ಎಂದ.

"ಇಲ್ರಿ. ಅವರು ಹೆಂಗ ಕುಂದರತಾರ ನೋಡಾಕ ಬಂದೇನಿ."

ಅದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು, ಒಳಗೆ ಬಿಟ್ಟ. ಒಂದು ತಾಸು ನಿಂತು ನೋಡಿದೆ. ಅಚ್ಚು ಕಟ್ಟುವವರು ನೆಲದ ಮೇಲಿನ ಪೆಟ್ಟಿಗೆಯಲ್ಲಿ ಮರಳು ತುಂಬಿ, ಕುಕ್ಕರುಗಾಲಿನಲ್ಲಿ ಕೂತು ಗುದ್ದಿ ದಮ್ಮಸ್ಸು ಮಾಡುತ್ತಾರೆ. ಹಾಗೆ ಕೂತಾಗ ಹುರಿ ಬಿಗಿದು ಚೀಲವನ್ನು ಎಲುಬಿಗೆ ಒತ್ತುತ್ತದೆ, ಹೊರಗಿನಿಂದ ಬೂಟಿನ ದಿಂಡು ಒತ್ತುತ್ತದೆ. ನಡುವೆ ಚೀಲ ಅಡಕತ್ತರಿಯಲ್ಲಿ ಸಿಕ್ಕ ಹಾಗೆ. ಹಳಬರು ಮಾತ್ರ ಬೂಟಿನ ಹಿಂಬದಿಯನ್ನು ತುಳಿದು ಮೆತ್ತಗೆ ಮಾಡಿಕೊಂಡಿದ್ದರು. ಹೊಸ ಮೂವರಿಗೆ ಕಂಪನಿಯ ವಸ್ತು ತುಳಿಯುವ ಧೈರ್ಯ ಇರಲಿಲ್ಲ.

ಫೋರ್‌ಮನ್‌ಗೆ ತೋರಿಸಿದೆ. "ಹಿಂದಿನ ತೊಗಲು ಕೊಯ್ದು ಮೆತ್ತಂದು ಹಾಕಿಸ್ಬೇಕು."

"ಕಂಪನಿ ಮಾಲು ಕೊಯ್ಯಾಕ ಬರೂದಿಲ್ಲ. ನಾಳೆ ಕಾದ ಕಬ್ಬಿಣ ಸಿಡದ್ರ ಯಾರು ಜವಾಬ್ದಾರಿ? ನೀವ?"

"ಹೊಯ್ಯೂದು ಎಷ್ಟೊತ್ತಿಗೆ?"

"ಮಧ್ಯಾಹ್ನ ಮ್ಯಾಲ, ಒಂದು ತಾಸು."

"ಹಂಗಾರ ಆ ಒಂದು ತಾಸು ಇಡೀ ಬೂಟು ಹಾಕ್ಕೋಳ್ಳಿ. ಉಳದ ಹೊತ್ತು ಮರಳಿನ ಕೆಲಸಕ್ಕ ಕೊಯ್ದದ್ದು. ಕುಂಡ್ರಾಕ ಒಂದು ಗಿಡ್ಡ ಕಟ್ಟಿಗಿ ಮಣಿ ಕೊಡ್ರಿ. ನಾ ಸರ್ಟಿಫಿಕೇಟ್ ಕೊಡ್ತೀನಿ, ಸಿಕ್ ಅಂತಲ್ಲ, ಫಿಟ್ ಅಂತ. ಮೂರು ಮಂದಿ ಕುಂಟೂದು ನಿಂತ್ರ ನಿಮಗ ಲುಕ್ಸಾನೇನು?"

"ಮೂರು?" ಎಂದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಉಳಿದಿಬ್ಬರ ಕೆಲಸ ನಿಧಾನ ಕಂಡು ಕೆಲಸಗಳ್ಳರು ಎಂದುಕೊಂಡಿದ್ದೆ ಎಂದು ಮೆಲ್ಲಗೆ ಅಂದ. ಆಮೇಲೆ ಮೂಲೆಯ ಪೆಟ್ಟಿಗೆಯಿಂದ ಹಾಕಿಬಿಟ್ಟ ಹಳೆಯ ಬೂಟುಗಳನ್ನು ಎಳೆದು ತೆಗೆದ. "ಇವನ್ನ ಕೊಯ್ಕೋರಿ. ಹೊಸಾವು ಮುಟ್ಟಬ್ಯಾಡ್ರಿ."

ಆ ಬೂಟು ಹಿಡಿದು ನಾನೂ ಬೀಡಿಯವನೂ ಖಾನಾಪುರದ ಚಪ್ಪಲಿ ಹೊಲಿಯುವ ಮುದುಕನ ಹತ್ತಿರ ಹೋದೆವು. ನಾನು ಕಾಗದದಲ್ಲಿ ಚಿತ್ರ ಬರೆದುಕೊಂಡು ಹೋಗಿದ್ದೆ. ಹಿಂಬದಿ ಎರಡು ಬೆರಳು ಕೊಯ್ದು ಮೆತ್ತನೆಯ ತೊಗಲು, ಒಳಗೆ ಹಿಮ್ಮಡಿ ಎತ್ತರಿಸಲು ಅರ್ಧ ಬೆರಳು ದಪ್ಪದ ಅಡಿಪಟ್ಟಿ. ಹಿಮ್ಮಡಿ ಎತ್ತರವಾದರೆ ಹುರಿ ಸಡಿಲಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಮುದುಕ ಚಿತ್ರ ನೋಡಿ, "ಕಾಲು ಮ್ಯಾಲ ಏರಿದ್ರ ಅಂಚು ಇನ್ನಷ್ಟು ಕೆಳಗ ಕೊಯ್ಯಬೇಕ್ರಿ," ಎಂದ. ಬರೆದ ಹಾಗೆ ಮಾಡು ಎಂದೆ. ಅಷ್ಟು ಪೆಟ್ಟು ತಿಂದಿದ್ದರೂ ನನ್ನ ಗತ್ತು ಹೋಗಿರಲಿಲ್ಲ ನೋಡಿ.

ಆರನೇ ದಿನ ಬೀಡಿಯವನು ಬಂದು ಕಾಲು ತೋರಿಸಿದ. ಹಳೆಯ ಬಾವು ಇಳಿಯುತ್ತಿತ್ತು, ಆದರೆ ಅದರ ಕೆಳಗೆ ಹೊಸ ಗೆರೆಯೊಂದು ಕೆಂಪಾಗಿ ಎದ್ದಿತ್ತು. ಅಡಿಪಟ್ಟಿ ಹಿಮ್ಮಡಿಯನ್ನು ಮೇಲೆತ್ತಿದ್ದರಿಂದ, ಕೊಯ್ದು ಉಳಿದ ಬಿರುಸು ಅಂಚು ಅರ್ಧ ಬೆರಳು ಕೆಳಗೆ ತಾಗುತ್ತಿತ್ತು. ಮತ್ತೆ ಮುದುಕನ ಹತ್ತಿರ ಹೋದೆವು. ಅವನು ನಾನು ಹೇಳಿದ್ದೆನಲ್ಲ ಎಂದೇನೂ ಅನ್ನಲಿಲ್ಲ. ಬೀಡಿಯವನಿಗೆ ಬೂಟು ಹಾಕಿಸಿ ಕುಕ್ಕರುಗಾಲಲ್ಲಿ ಕೂಡಿಸಿ, ಸುಣ್ಣದ ತುಂಡಿನಿಂದ ತೊಗಲಿನ ಮೇಲೆ ಗೆರೆ ಎಳೆದ. ಆಮೇಲೆ ನಿಲ್ಲಿಸಿ ಇನ್ನೊಂದು ಗೆರೆ. ಎರಡರಲ್ಲಿ ಕೆಳಗಿನದಕ್ಕೆ ಕೊಯ್ದ. ಕೂತಾಗಿನ ಅಳತೆ ತೆಗೆಯಬೇಕೆಂದು ನನ್ನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಆಮೇಲಿನದು ತಾಳ್ಮೆಯ ಕೆಲಸ. ಸಂಜೆ ಹತ್ತು ನಿಮಿಷ ಬರ್ಫ. ನೋವು ಇಳಿದ ಮೇಲೆ ಗೋಡೆಗೆ ಕೈ ಊರಿ, ಮೊಣಕಾಲು ನೆಟ್ಟಗಿಟ್ಟು ಮೀನಖಂಡ ಹಿಗ್ಗಿಸುವುದು, ದಿನಕ್ಕೆ ಮೂರು ಸಲ. ಗುಳಿಗೆ ಎರಡು ವಾರಕ್ಕೆ ನಿಲ್ಲಿಸಿದೆ. ವಾರಕ್ಕೊಮ್ಮೆ ಬಂದಾಗ ಅದೇ ಎರಡು ಬೆರಳಿಟ್ಟು ಹಿಸುಕಿ ನೋಡುತ್ತಿದ್ದೆ. ಮೂರನೇ ವಾರ ಅವನು ಮೇಜಿನ ಅಂಚು ಹಿಡಿಯಲಿಲ್ಲ. ಐದನೇ ವಾರ ಹುರಿಯ ಬದಿಯ ತಗ್ಗು ಮತ್ತೆ ಕಂಡಿತು. ನಾನು ಮಾಮಾನನ್ನು ಕರೆದು ತೋರಿಸಿದೆ. ಅಷ್ಟು ಸಂತೋಷ ನನಗೆ ಹೆರಿಗೆ ಮಾಡಿಸಿದಾಗಲೂ ಆದದ್ದು ಕಡಿಮೆ. ಓಡಬಾರದು, ಭಾರ ಹೊತ್ತು ಏರು ಹತ್ತಬಾರದು, ಇನ್ನೆರಡು ತಿಂಗಳು ಎಂದು ತಾಕೀತು ಮಾಡಿದೆ. ಕಾಯಂ ವಿಷಯ ಏನಾಯಿತೆಂದು ಕೇಳಿದರೆ, ಫೋರ್‌ಮನ್ ಬಾಯಿ ಬಿಡುತ್ತಿಲ್ಲ ಎನ್ನುತ್ತಿದ್ದ.

ಆರು ತಿಂಗಳು ಮುಗಿಯುವ ದಿನ ನನಗೆ ನೆನಪಿತ್ತು. ಅವತ್ತು ಸಂಜೆ ಖಾನಾಪುರದಿಂದ ಬೆಳಗಾವಿಯ ಬಸ್ಸಿನಲ್ಲಿ ಕಿಟಕಿ ಬಳಿ ಕೂತು ಬರುತ್ತಿದ್ದೆ. ಮಚ್ಛೆಯಲ್ಲಿ ನಿಂತ ಬಸ್ಸು ಹೊರಡುವುದರಲ್ಲಿತ್ತು. ಫೌಂಡ್ರಿಯ ಗೇಟಿನಿಂದ ಒಬ್ಬ ಕೈ ಬೀಸುತ್ತ ಓಡಿ ಬರುತ್ತಿದ್ದ. ಮುಖಕ್ಕಿಂತ ಮೊದಲು ನಾನು ನೋಡಿದ್ದು ಕಾಲು. ಎರಡೂ ಹಿಮ್ಮಡಿ ಸಮನಾಗಿ ನೆಲಕ್ಕೆ ಬಿದ್ದು ಏಳುತ್ತಿದ್ದವು. ಅವನು ಬಾಗಿಲ ಸರಳು ಹಿಡಿದು ಹತ್ತಿ, ಏದುಸಿರು ಬಿಡುತ್ತ ನನ್ನ ಸೀಟಿನ ಹತ್ತಿರ ಬಂದು ನಿಂತ.

ಬಸ್ಸಿನ ಮಂದಿಯೆಲ್ಲ ನೋಡುತ್ತಿದ್ದರೂ ನಾನು ಬೈದೆ. "ಏ ಹುಚ್ಚಪ್ಪಾ, ಓಡಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕೋ ನಿನಗ?"

"ಕಾಯಂ ಆತ್ರಿ ಬಾಯಾರ."

ನಾನು ಸಾವರಿಸಿಕೊಳ್ಳಲು ಹೊರಗೆ ನೋಡಿದೆ. ಬಸ್ಸು ಆಗಲೇ ಬೆಳಗಾವಿಯ ಕಡೆ ಹೊರಟಿತ್ತು.

"ಬೀಡಿ ಆ ಕಡೆ ಐತೆಲ್ಲೋ. ಇದು ಬೆಳಗಾವಿ ಬಸ್ಸು."

"ಗೊತ್ತೈತ್ರಿ," ಎಂದ. "ಮುಂದಿನ ಸ್ಟಾಪಿಗೆ ಇಳದು ಮಚ್ಛೆತನಕ ಹಿಂದಕ್ಕ ನಡಕೊಂಡು ಹೋಗ್ತೀನ್ರಿ."

ಇಳಿದ. ನಾನು ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಅವನು ನಡೆದು ಹೋಗುವುದನ್ನು ರಸ್ತೆ ಹೊರಳುವ ತನಕ ನೋಡಿದೆ.